ಪರವಾಗಿ ಆಡಿದ ಮಾತು

ಶಿವಲೀಲಾಳಿಗೆ ಫೆಬ್ರವರಿ ಮುಗಿಯುವುದರೊಳಗೆ ಒಂದು ಕೋಣೆ ಬೇಕಿತ್ತು. ಬರೀ ಕೋಣೆಯಲ್ಲ, ಹೆಣ್ಣುಮಕ್ಕಳಷ್ಟೇ ಇರುವ ಮನೆಯಲ್ಲಿ ಕೋಣೆ. ಡಾರ್ಮ್‌ಸ್ಟಾಟ್‌ನಲ್ಲಿ ಅವಳು ಒಂದೂವರೆ ವರ್ಷದಿಂದ ಅಣ್ಣ ಚೇತನಕುಮಾರನ ಫ್ಲ್ಯಾಟಿನಲ್ಲಿದ್ದು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಳು. ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದಿದ್ದ ಅಣ್ಣನ ಸಾಫ್ಟ್‌ವೇರ್ ಕಂಪನಿ 2002ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಎರಡು ತಿಂಗಳು ಬೇರೆ ಕೆಲಸ ಹುಡುಕಿ ಸಾಕಾಗಿ, ಅವನು ಫೆಬ್ರವರಿ ಇಪ್ಪತ್ತೆಂಟಕ್ಕೆ ಊರಿಗೆ ಎರಡು ಟಿಕೆಟ್ ಕಾದಿರಿಸಿದ. ಎರಡನೆಯದನ್ನು ಬೇಕಾದರೆ ರದ್ದು ಮಾಡಬಹುದಿತ್ತು.

ಹಾಸ್ಟೆಲ್ ಪಟ್ಟಿಯಲ್ಲಿ ಅವಳ ಸರದಿ ಬರಲು ಇನ್ನೂ ಮೂರು ಸೆಮಿಸ್ಟರ್ ಕಾಯಬೇಕಿತ್ತು. ನಾಲ್ಕಾರು ವಿದ್ಯಾರ್ಥಿಗಳು ಸೇರಿ ಹಿಡಿಯುವ ಫ್ಲ್ಯಾಟುಗಳು ಸಿಗುತ್ತಿದ್ದವು. ಆದರೆ ಅಲ್ಲಿ ಹುಡುಗರೂ ಇರುತ್ತಿದ್ದರು. ಗುಳೇದಗುಡ್ಡದಿಂದ ಅವಳ ತಂದೆ ಅಡಿವೆಪ್ಪನವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: “ಅಣ್ಣ ಅದಾನಂತ ಕಳಿಸಿದ್ದೆ. ಅಣ್ಣ ಇಲ್ಲಾಂದ್ರ ಸಂಜನಾ ಇರೋ ಮನಿ. ಅದೂ ಇಲ್ಲಾಂದ್ರ ಗಪ್ಪನ ಅವನ ಜೋಡಿ ಬಂದುಬಿಡು.”

ಸಂಜನಾ ಅದೇ ಊರಿನವಳು, ಶಿವಲೀಲಾಳಿಗಿಂತ ಮೂರು ವರ್ಷಕ್ಕೆ ಹಿರಿಯಳು, ಅದೇ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ. ಅವಳ ತಂದೆ ಸಿದ್ದರಾಮಪ್ಪನವರೂ ಅಡಿವೆಪ್ಪನವರೂ ಇಪ್ಪತ್ತು ವರ್ಷ ಒಂದೇ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಅವಳಿದ್ದ ಮನೆ ವಿದ್ಯಾರ್ಥಿನಿಯರ ಒಂದು ಸಂಘಕ್ಕೆ ಸೇರಿದ ಹಳೆಯ ವಿಲ್ಲಾ. ಅಲ್ಲಿ ಓದಿ ಹೋದವರು, ಈಗ ಡಾಕ್ಟರು, ನ್ಯಾಯಾಧೀಶೆ, ಟೀಚರು ಆಗಿರುವ ಹೆಂಗಸರು, ಅದನ್ನು ನಡೆಸಿಕೊಂಡು ಬಂದಿದ್ದರು. ಬಾಡಿಗೆ ಊರಿನ ದರದ ಅರ್ಧ. ಅದಕ್ಕೆ ಬದಲಾಗಿ ಗುರುವಾರದ ಸಭೆ ತಪ್ಪಿಸುವಂತಿಲ್ಲ, ಹಬ್ಬದ ದಿನ ಎದೆಗೆ ಅಡ್ಡಲಾಗಿ ವೈನ್ ಬಣ್ಣದ ಪಟ್ಟಿ ತೊಡಬೇಕು, ಒಮ್ಮೆ ಸೇರಿದರೆ ಬದುಕಿನುದ್ದಕ್ಕೂ ಆ ಮನೆಯವಳು.

ಕೋಣೆ ಖಾಲಿಯಾದಾಗ ವಿಶ್ವವಿದ್ಯಾಲಯದ ಕ್ಯಾಂಟೀನಿನ ನೋಟಿಸ್ ಬೋರ್ಡಿಗೆ ಒಂದು ಚೀಟಿ ಹೋಗುತ್ತಿತ್ತು: ವಿದ್ಯಾರ್ಥಿನಿಗೆ ಕೋಣೆ, ಹದಿನಾಲ್ಕು ಚದರ ಮೀಟರ್, ಟ್ರಾಮ್ ಹತ್ತಿರ. ಸಂಘದ ಮಾತೇ ಅದರಲ್ಲಿರುತ್ತಿರಲಿಲ್ಲ. ನೋಡಲು ಬಂದವರನ್ನು ಕಾಫಿಗೆ ಕರೆಯುತ್ತಿದ್ದರು. ಮನಸ್ಸಿಗೆ ಬಂದವರು ನಾಲ್ಕು ವಾರ ‘ಅತಿಥಿ’ಗಳು. ಕಾಫಿಗೆ, ಭಾಷಣಕ್ಕೆ, ಭಾನುವಾರದ ಊಟಕ್ಕೆ ಬಂದು ಹೋಗಬೇಕು. ಪ್ರತಿ ಅತಿಥಿಗೆ ಮನೆಯ ಒಬ್ಬಳು ‘ಪಾಟಿನ್’, ಅಂದರೆ ಅವಳ ಪರವಾಗಿ ನಿಲ್ಲುವವಳು. ನಾಲ್ಕನೆಯ ವಾರದ ಕೊನೆಗೆ ಅತಿಥಿಗಳನ್ನು ಹೊರಗಿಟ್ಟು ಸಭೆ. ಪಾಟಿನ್ ಎದ್ದು ತನ್ನ ಅತಿಥಿಯ ಬಗ್ಗೆ ಮಾತಾಡಬೇಕು, ಆಮೇಲೆ ಮುಚ್ಚಿದ ಪೆಟ್ಟಿಗೆಯಲ್ಲಿ ಎಲ್ಲರೂ ಒಂದೊಂದು ಗೋಲಿ ಹಾಕಬೇಕು. ಬಿಳಿ ಎಂದರೆ ಬರಲಿ, ಕಪ್ಪು ಎಂದರೆ ಬೇಡ. ಎರಡು ಕಪ್ಪು ಬಿದ್ದರೆ ಮುಗಿಯಿತು.

ಸಂಜನಾ ಹೀಗೆಯೇ ಬಂದವಳು. ಅವಳ ಪರವಾಗಿ ನಿಂತಿದ್ದವಳು ಬಿರ್ಗಿಟ್. ಅಂದು ಬಿರ್ಗಿಟ್ ಏನು ಹೇಳಿದಳೋ, ಹೊರಗೆ ಕೂತಿದ್ದ ಸಂಜನಾಳಿಗೆ ಗೊತ್ತಿರಲಿಲ್ಲ. ಒಂದು ವರ್ಷ ಹೊಸಬಳಾಗಿದ್ದು, ಈ ನವೆಂಬರಿನಲ್ಲಷ್ಟೇ ಪಟ್ಟಿಯ ಜೊತೆ ಗೋಲಿ ಹಾಕುವ ಹಕ್ಕು ಸಿಕ್ಕಿತ್ತು. ಶಿವಲೀಲಾಳಿಗೆ ತಾನೇ ಪಾಟಿನ್ ಆಗುತ್ತೇನೆಂದು ಹೆಸರು ಕೊಟ್ಟಳು.

“ಅಡಿವೆಪ್ಪ ಮಾವ ದಿನಾ ಬಂದು ಕೇಳ್ತಾರವಾ,” ಎಂದು ಊರಿನಿಂದ ತಾಯಿ ಸಾವಿತ್ರವ್ವ ಫೋನ್ ಮಾಡಿದಳು. “ನೀ ನಿಂತು ಮಾಡಸು.”

“ಮಾಡಸ್ತೀನಿ ಬಿಡವ್ವಾ. ನಾ ಇಲ್ಲೇನು?”

ಚೇತನಕುಮಾರ ಡಬ್ಬಗಳಲ್ಲಿ ಪುಸ್ತಕ ತುಂಬುತ್ತಲೇ ಚೇಷ್ಟೆ ಮಾಡಿದ. “ಸಂಜನಾ, ನಿಮ್ಮ ಮನ್ಯಾಗ ನನಗೂ ಒಂದು ಸೀಟ್ ಐತೇನು ಕೇಳ. ಸೀರಿ ಉಟ್ಕೊಂಡು ಬರ್ತೀನಿ.”

“ನಿನ್ನ ಮೀಸಿ ನೋಡಿ ಹನ್ನೊಂದಕ್ಕ ಹನ್ನೊಂದೂ ಕರೀ ಗೋಲಿ ಹಾಕ್ತಾರ.”

“ಹಾಕ್ಲಿ ಬಿಡು. ಇಲ್ಲಿ ಬಿಳೀದು ಹಾಕ್ದವ್ರು ಯಾರ್ ಅದಾರ ನನಗ?” ಎಂದು ನಕ್ಕ. ಶಿವಲೀಲಾ ನಗಲಿಲ್ಲ. ಅವಳ ಪುಸ್ತಕಗಳು ಯಾವ ಡಬ್ಬಕ್ಕೂ ಹೋಗದೆ ಕಿಟಕಿಯ ಕಟ್ಟೆಯ ಮೇಲೇ ಇದ್ದವು.

ಎರಡು ಕೋಣೆಗೆ ಮೂವರು ಅತಿಥಿಗಳಿದ್ದರು. ಪ್ರತಿ ಕಾಫಿಯ ದಿನ ಮಧ್ಯಾಹ್ನ ಸಂಘದ ಅಧ್ಯಕ್ಷೆ ಉಲ್ರಿಕೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತಿದ್ದಳು. ಯಾರು ಯಾವ ಅತಿಥಿಯ ಪಕ್ಕ ಕೂರಬೇಕು, ಎಷ್ಟು ಹೊತ್ತಿಗೆ ಎದ್ದು ಇನ್ನೊಬ್ಬಳಿಗೆ ಜಾಗ ಬಿಡಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಅತಿಥಿಗಳು ಬರುವ ಐದು ನಿಮಿಷ ಮುಂಚೆ ಹಾಳೆ ಡ್ರಾಯರಿಗೆ ಹೋಗುತ್ತಿತ್ತು. ಅವರ ಕಣ್ಣಿಗೆ ಎಲ್ಲವೂ ತಾನಾಗಿ ನಡೆದಂತೆ ಕಾಣಬೇಕು. ಒಬ್ಬಳು ಹಾಲು ತರಲು ಏಳುತ್ತಾಳೆ, ಇನ್ನೊಬ್ಬಳು ಬಂದು ಕೂರುತ್ತಾಳೆ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಹನ್ನೊಂದು ಜನವೂ ಸೇರಿ, ಒಬ್ಬೊಬ್ಬರ ಬಗ್ಗೆ ಕಂಡದ್ದನ್ನು ಹೇಳುತ್ತಿದ್ದರು.

“ನಿನ್ನ ಶಿವಲೀಲಾ ಎಲ್ಲರ ಕಪ್ ತೊಳೆದಳು,” ಎಂದಳು ಬಿರ್ಗಿಟ್ ಎರಡನೆಯ ವಾರ. “ನಾವೇನು ಕೆಲಸದವಳನ್ನು ಹುಡುಕುತ್ತಿದ್ದೇವಾ?”

“ನೀನು ನಿನ್ನ ಕಪ್ಪನ್ನೇ ತೊಳೆಯುವುದಿಲ್ಲ. ಮನೆಗೆ ಒಬ್ಬಳಾದರೂ ಬೇಕಲ್ಲ,” ಎಂದಳು ಉಲ್ರಿಕೆ. ಎಲ್ಲರೂ ನಕ್ಕರು.

ಬಿರ್ಗಿಟ್ ಸಂಜನಾಳ ಹೆಗಲು ತಟ್ಟಿದಳು. “ಒಬ್ಬಳಿದ್ದಾಗ ಸರಿ. ಇಬ್ಬರಾದರೆ ಅಡುಗೆಮನೆ ನಿಮ್ಮದೇ. ಆ ಮೆಣಸಿನಕಾಯಿ ಹೊಗೆಯಲ್ಲಿ ನಾವು ಕೆಮ್ಮುತ್ತಾ ಬಾಗಿಲು ಹುಡುಕಬೇಕು.”

ಎಲ್ಲರಿಗಿಂತ ಜೋರಾಗಿ ನಕ್ಕವಳು ಸಂಜನಾ. ಆ ದಿನದಿಂದ ಅವಳು ಒಗ್ಗರಣೆ ಹಾಕುವುದನ್ನು ಬಿಟ್ಟಳು.

ಶಿವಲೀಲಾ ಮಾತ್ರ ವಾರದಿಂದ ವಾರಕ್ಕೆ ಆ ಮನೆಗೆ ಹೊಂದಿಕೊಳ್ಳುತ್ತಿದ್ದಳು. ಅವಳ ಜರ್ಮನ್ ಸಂಜನಾಳದಕ್ಕಿಂತ ಚೆನ್ನಾಗಿತ್ತು. ಅಣ್ಣನ ಮನೆಯ ಕೆಳಗಿನ ಬೇಕರಿಯ ಮುದುಕಿಯ ಹತ್ತಿರ ದಿನಾ ಹರಟುತ್ತಾ ಕಲಿತ ಜರ್ಮನ್ ಅದು. ಮೂರನೆಯ ಭಾನುವಾರ ಅವಳು ಆ ಮುದುಕಿ ಗಿರಾಕಿಗಳನ್ನು ಗದರುವ ರೀತಿಯನ್ನು ಇದ್ದಂತೆಯೇ ಮಾಡಿ ತೋರಿಸಿದಾಗ ಉಲ್ರಿಕೆ ಕಣ್ಣೊರೆಸಿಕೊಂಡು ನಕ್ಕಳು. ಹದಿನಾರು ತಿಂಗಳಲ್ಲಿ ಸಂಜನಾ ಉಲ್ರಿಕೆಯನ್ನು ಹಾಗೆ ನಗಿಸಿರಲಿಲ್ಲ. ಒಳಗೆ ಏನೋ ಚುರುಕ್ಕೆಂದಿತು. ಅದಕ್ಕೊಂದು ಹೆಸರಿಡಲು ಅವಳು ಹೋಗಲಿಲ್ಲ.

ಸಭೆ ಫೆಬ್ರವರಿ ಆರನೇ ತಾರೀಕು, ಗುರುವಾರ. ಸಂಜನಾ ತನ್ನ ಮಾತನ್ನು ಎರಡು ದಿನ ಮುಂಚೆಯೇ ಜರ್ಮನ್‌ನಲ್ಲಿ ಬರೆದು ಬಾಯಿಪಾಠ ಮಾಡಿದ್ದಳು. ನಮ್ಮ ಹುಡುಗಿಯನ್ನು ಬೇರೆಯವರ ಮನೆಗೆ ಒಪ್ಪಿಸುವಾಗ ಹೇಗೆ ಮಾತಾಡಬೇಕು ಎಂಬುದು ಅವಳಿಗೆ ಯಾರೂ ಕಲಿಸದೆ ಗೊತ್ತಿತ್ತು. ತಮ್ಮವರನ್ನು ತಾವೇ ಹೊಗಳುವುದು ಸಣ್ಣತನ. ಏನೂ ತಿಳಿಯದವಳು, ನೀವೇ ತಿದ್ದಿ ಎನ್ನಬೇಕು. ಆಗ ಎದುರಿನವರು ಛೇ, ಹಾಗೇಕೆ ಅನ್ನುತ್ತೀರಿ, ಬಂಗಾರದಂಥ ಹುಡುಗಿ ಎಂದು ತಾವೇ ಹೊಗಳುತ್ತಾರೆ. ಅಕ್ಕನ ಮದುವೆಯಲ್ಲಿ, ತಂಗಿಯನ್ನು ಕಾಲೇಜಿಗೆ ಸೇರಿಸುವಾಗ, ಎಲ್ಲ ಕಡೆ ಅವಳು ಕೇಳಿದ್ದು ಅದನ್ನೇ.

ಮೊದಲ ಸರದಿ ಅವಳದೇ ಬಂತು. ಉದ್ದನೆಯ ಮೇಜಿನ ಸುತ್ತ ಹತ್ತು ಮುಖಗಳು. ಅವಳು ಎದ್ದು ನಿಂತಳು.

“ಶಿವಲೀಲಾ ನನಗೆ ತಂಗಿ ಇದ್ದಂತೆ. ಅದಕ್ಕೆ ನಾನು ಅವಳನ್ನು ಹೊಗಳುವುದಿಲ್ಲ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಇಲ್ಲಿಯವರೆಗೆ ಎಲ್ಲವನ್ನೂ ಅಣ್ಣನೇ ನೋಡಿಕೊಂಡಿದ್ದಾನೆ, ಒಬ್ಬಳೇ ಇದ್ದು ಅಭ್ಯಾಸವಿಲ್ಲ. ಸ್ವಲ್ಪ ಹಟ ಜಾಸ್ತಿ. ತಪ್ಪು ಮಾಡುತ್ತಾಳೆ. ಮಾಡಿದಾಗ ನೀವು ತಾಳ್ಮೆಯಿಂದ ತಿದ್ದಬೇಕು. ಇಷ್ಟೇ ನನ್ನ ಕೋರಿಕೆ.”

ಕೂತಳು. ಛೇ, ಹಾಗೇಕೆ ಅನ್ನುತ್ತೀ ಎಂದು ಯಾರೂ ಅನ್ನಲಿಲ್ಲ. ಉಲ್ರಿಕೆ ಹಾಳೆಯ ಮೇಲೆ ಒಂದು ಸಾಲು ಬರೆದುಕೊಂಡಳು. ಬಿರ್ಗಿಟ್ ಮೇಜಿನಾಚೆಯಿಂದ ಗಂಭೀರವಾಗಿ ತಲೆದೂಗಿದಳು. “ಮುಚ್ಚಿಡದೆ ಹೇಳಿದೆಯಲ್ಲ, ಅದು ಸುಲಭವಲ್ಲ. ಧನ್ಯವಾದ.”

ಎರಡನೆಯ ಪಾಟಿನ್ ಎದ್ದಳು. ತನ್ನ ಅತಿಥಿ ಎಷ್ಟು ಜವಾಬ್ದಾರಿಯವಳು, ಅಜ್ಜಿಯನ್ನು ಎರಡು ವರ್ಷ ಒಬ್ಬಳೇ ಹೇಗೆ ನೋಡಿಕೊಂಡಳು, ಯಾವ ಯಾವ ಬಹುಮಾನ ಗೆದ್ದಳು ಎಂದು ಏಳೆಂಟು ನಿಮಿಷ ಹೇಳಿದಳು. ಮೂರನೆಯವಳೂ ಅಷ್ಟೇ. ತನ್ನ ಅತಿಥಿಯ ಒಂದೇ ದೋಷವೆಂದರೆ ಬೆಳಿಗ್ಗೆ ಬೇಗ ಎದ್ದು ಹಾಡುವುದು ಎಂದಳು, ಎಲ್ಲರೂ ನಕ್ಕರು. ತಾನು ಆಡಿದ ಮಾತು ಈ ಕೋಣೆಯಲ್ಲಿ ಏನಾಯಿತು ಎಂಬುದು ಸಂಜನಾಳಿಗೆ ಈಗ ಸ್ಪಷ್ಟವಾಗಿ ಅರ್ಥವಾಯಿತು.

“ಇನ್ನು ಯಾರಾದರೂ ಏನಾದರೂ ಸೇರಿಸುವುದಿದೆಯೇ?” ಎಂದು ಉಲ್ರಿಕೆ ಕೇಳಿದಳು. ಸುತ್ತ ನೋಡಿದಳು. ಸಂಜನಾಳ ಮೇಲೆ ಅವಳ ಕಣ್ಣು ಮೆಚ್ಚುಗೆಯಿಂದ ಕೊಂಚ ಹೊತ್ತು ನಿಂತಿತು.

ಏಳಬಹುದಿತ್ತು. ನಮ್ಮ ಕಡೆ ಹೀಗೆ ಮಾತಾಡುವುದು ಪದ್ಧತಿ, ನಾನು ಹೇಳಿದ್ದರಲ್ಲಿ ಒಂದೂ ನಿಜವಲ್ಲ, ಅವಳು ನನಗಿಂತ ಗಟ್ಟಿಗಿತ್ತಿ ಎನ್ನಬಹುದಿತ್ತು. ಅದಕ್ಕೆ ಬೇಕಾದ ಜರ್ಮನ್ ಅವಳಿಗೆ ಬರುತ್ತಿತ್ತು. ಹಾಗೆ ಹೇಳಿದರೆ ತಾನು ಸಭೆಯಲ್ಲಿ ಸುಳ್ಳು ಹೇಳಿದಂತಾಗುತ್ತದೆ ಎನ್ನಿಸಿತು. ಉಲ್ರಿಕೆಯ ನೋಟದಲ್ಲಿ ಮೊದಲ ಸಲ ಕಂಡ ಆ ಮೆಚ್ಚುಗೆ ಹೋಗುತ್ತದೆ ಎನ್ನಿಸಿತು. ಅಡುಗೆಮನೆಯ ನಗು ನೆನಪಾಯಿತು. ಅಷ್ಟರಲ್ಲಿ ಉಲ್ರಿಕೆ “ಹಾಗಾದರೆ ಗೋಲಿ” ಎಂದು ಮರದ ಪೆಟ್ಟಿಗೆಯನ್ನು ಎಡಕ್ಕೆ ಸರಿಸಿದಳು.

ಸಂಜನಾ ಬಿಳಿಯನ್ನೇ ಹಾಕಿದಳು. ಎಣಿಸಿದಾಗ ಶಿವಲೀಲಾಳಿಗೆ ನಾಲ್ಕು ಬಿಳಿ, ಏಳು ಕಪ್ಪು.

ಸಭೆ ಮುಗಿದ ಮೇಲೆ ಉಲ್ರಿಕೆ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿದಳು. “ಗೆಳತಿಗಿಂತ ಮನೆ ಮುಖ್ಯ ಎಂದು ನೀನು ಯೋಚಿಸಿದೆ. ಬೇಸಿಗೆ ಸೆಮಿಸ್ಟರಿನಲ್ಲಿ ಅತಿಥಿಗಳ ಹೊಣೆ ನೀನೇ ತೆಗೆದುಕೊಳ್ಳಬೇಕು ಎಂದು ನನ್ನ ಆಸೆ.”

“ಸರಿ,” ಎಂದಳು ಸಂಜನಾ.

ಫಲಿತಾಂಶವನ್ನು ಪಾಟಿನ್ನೇ ಮರುದಿನದೊಳಗೆ ತಿಳಿಸಬೇಕು, ಕಾರಣ ಹೇಳಬಾರದು, ಇದು ನಿಯಮ. ಶುಕ್ರವಾರ ಹತ್ತು ಗಂಟೆಗೆ ಅವಳು ಲೂಯಿಸನ್‌ಪ್ಲಾಟ್ಸ್‌ನ ಟ್ರಾಮ್ ನಿಲ್ದಾಣದಲ್ಲಿ ಶಿವಲೀಲಾಳಿಗಾಗಿ ಕಾದಳು. ಶಿವಲೀಲಾ ಅವಳ ಮುಖ ನೋಡಿಯೇ ನಿಂತುಬಿಟ್ಟಳು.

“ಆಗಲಿಲ್ಲೇನಕ್ಕಾ?”

“ಇಲ್ಲವಾ.”

ಶಿವಲೀಲಾ ಕೈಗವಸನ್ನು ತೆಗೆದು ಮತ್ತೆ ಹಾಕಿಕೊಂಡಳು.

“ನೀ ನನ್ನ ಪರವಾಗಿ ಮಾತಾಡಿದ್ದಿ ಅಲ್ಲಾ?”

“ಭಾಳ ಮಾತಾಡಿದೆ.”

“ಅದು ಗೊತ್ತೈತಿ ಬಿಡು, ನೀ ಬಿಡೂವಾಕಿ ಅಲ್ಲ. ಆದ್ರ ನನ್ನೊಳಗ ಏನು ಕಮ್ಮಿ ಕಂಡಿತಕ್ಕಾ ಅವರಿಗೆ? ಹೇಳು. ಸಿಟ್ಟಾಗೂದಿಲ್ಲ. ಅಪ್ಪಗ ಏನಂತ ಹೇಳ್ಲಿ ನಾ?”

ಕಾರಣ ಹೇಳುವಂತಿಲ್ಲ ಎಂದಿದ್ದರೆ ಸಾಕಿತ್ತು. ಶಿವಲೀಲಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ನಿನ್ನ ಜರ್ಮನ್,” ಎಂದಳು ಸಂಜನಾ. “ಇನ್ನೂ ಸಾಲದು ಅಂದ್ರು.”

“ನನ್ನ ಜರ್ಮನ್ನಾ?”

“ಹೂಂ. ಅಂಗಡಿಯವರ ಜರ್ಮನ್ ಇದ್ದಂಗ ಐತಿ ಅಂದ್ರು. ಓದಿದವರು ಮಾತಾಡೂ ಹಂಗ ಇಲ್ಲಂತ.”

ಶಿವಲೀಲಾಳ ಮುಖ ಕೆಂಪಗಾಯಿತು. “ಅದಕ್ಕ ಅಷ್ಟೊಂದು ನಗತಿದ್ರೇನು ಅವ್ರು,” ಎಂದಳು ಮೆಲ್ಲಗೆ. “ನಾ ಹುಚ್ಚಿ. ಖುಷಿಯಾಗಿ ನಗಾಕತ್ತಾರ ಅಂದ್ಕೊಂಡಿದ್ದೆ.”

ಊರು ಬಿಡುವವರು ನಗರದ ನೋಂದಣಿ ಕಚೇರಿಗೆ ಹೋಗಿ ತಮ್ಮ ಹೆಸರನ್ನು ವಿಳಾಸದಿಂದ ತೆಗೆಸಬೇಕು. ಇಪ್ಪತ್ತಾರನೇ ತಾರೀಕು ಬುಧವಾರ ಚೇತನಕುಮಾರ ಫ್ಲ್ಯಾಟಿನ ಬೀಗದ ಕೈ ಒಪ್ಪಿಸಲು ಮಾಲೀಕನ ಹತ್ತಿರ ಹೋಗಿದ್ದ. ಹಾಗಾಗಿ ಕಚೇರಿಗೆ ಸಂಜನಾ ಜೊತೆಗೆ ಬಂದಳು. ಕಿಟಕಿಯ ಹಿಂದಿನ ಹೆಂಗಸು ಅರ್ಜಿಯನ್ನು ಮುಂದೆ ತಳ್ಳಿದಳು. ಶಿವಲೀಲಾ ಪೆನ್ನು ತೆಗೆದುಕೊಂಡು ಮೊದಲ ಖಾನೆ ನೋಡಿದಳು. ಆಮೇಲೆ ಪೆನ್ನನ್ನು ಸಂಜನಾಳ ಕಡೆ ಸರಿಸಿದಳು.

“ನೀನ ಬರಿ ಅಕ್ಕಾ. ನಾ ಬರದ್ರ ತಪ್ಪಾದೀತು.”

ಸಂಜನಾ ಬರೆದಳು. ಹೆಸರು, ಹುಟ್ಟಿದ ದಿನ, ಬಿಡುವ ವಿಳಾಸ. ಹೊಸ ವಿಳಾಸದ ಖಾನೆಯಲ್ಲಿ ಗುಳೇದಗುಡ್ಡ.

ಹೆಂಗಸು ಅರ್ಜಿ ಓದಿ ತಲೆಯೆತ್ತಿ ಶಿವಲೀಲಾಳನ್ನು ನೋಡಿದಳು. “ಓದು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದೀಯಲ್ಲ ಮಗು,” ಎಂದಳು ಜರ್ಮನ್‌ನಲ್ಲಿ. “ಮತ್ತೆ ಬರುತ್ತೀಯಾ?”

ಅದಕ್ಕಿಂತ ಸರಳವಾದ ಜರ್ಮನ್ ಇರಲಿಲ್ಲ. ಶಿವಲೀಲಾ ಸಂಜನಾಳ ಕಡೆ ತಿರುಗಿದಳು.

“ಏನಂದ್ಲಕ್ಕಾ?”

ಸಂಜನಾ ಕನ್ನಡದಲ್ಲಿ ಹೇಳಿದಳು.