ಸೂತಕ ಯಾರಿಗೆ

ಬತ್ತ ಬೇಯುವ ವಾಸನೆ — ಎಲ್ಲಿಂದ ಬಂತು ಇದು, ಐರೋಲಿಯ ಈ ಆರನೇ ಮಾಳಿಗೆಗೆ, ಕಿಟಕಿ ತೆರೆದರೆ ಖಾಡಿಯ ಹಿನ್ನೀರಿನ ಕೆಸರು ನಾತ ಬಿಟ್ಟು ಬೇರೇನೂ ಬಾರದ ಈ ಮನೆಗೆ, ಆದರೂ ಜಯಲತಾಳ ಮೂಗಿಗೆ ಅದು ಬಂದೇ ಬಂತು, ಅಂಗಳದ ಹಂಡೆಯಲ್ಲಿ ಬತ್ತ ಬಾಯಿಬಿಡುವಾಗಿನ ಬೆಚ್ಚನೆಯ ವಾಸನೆ, ಹೊಗೆ ಬೆರೆತದ್ದು, ಒಲೆಯ ಮುಂದೆ ಅಕ್ಕ, ಹನ್ನೆರಡರ ಹುಡುಗಿ, ತೆಂಗಿನ ಮಡಲು ಒಳಕ್ಕೆ ದೂಡುತ್ತ, ನೀನು ಇತ್ಲಾಗಿ ಬರ್ಬೇಡ ಹೊಗೆ, ಆಚೆ ಕೂತು ಓದು — ಆಚೆ ಕೂತು ಓದಿದಳು ಜಯಲತಾ, ಎಂ.ಎ.ವರೆಗೂ ಓದಿದಳು, ಠಾಣೆಯ ಕಾಲೇಜಿನಲ್ಲಿ ನಿವೃತ್ತಿಯಾಗುವ ತನಕ ಪಾಠ ಹೇಳಿದಳು, ಅಕ್ಕ ಹೊಗೆಯಲ್ಲೇ ಉಳಿದಳು, ಈಗ ಹಾಲ್‌ನ ನಡುವೆ ಚಾಪೆಯ ಮೇಲೆ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದಾಳೆ ಶ್ರೀಮತಿ ಎಂಬ ಹೆಸರಿನ ಅಕ್ಕ, ಮದುವೆಯಾಗದ ಅಕ್ಕ, ಬೆಳಿಗ್ಗೆ ಚಹಾ ಕುಡಿಯಲು ಎಬ್ಬಿಸಿದರೆ ಏಳಲಿಲ್ಲ, ಅಷ್ಟೇ, ಸಾವು ಇಷ್ಟು ಸಣ್ಣ ಸಂಗತಿಯೇ. ಎದುರು ಮನೆಯ ಸಾವಂತ್ ವಹಿನಿ ಬಂದವರು ಬಚ್ಚಲಿನಿಂದ ಬಾಚಣಿಗೆ ತಂದು ಅಕ್ಕನ ತಲೆ ಬಾಚಿದರು, ಸಿಕ್ಕಿನ ಹತ್ತಿರ ಬಂದಾಗ ಕೂದಲಿನ ಬುಡ ಹಿಡಿದುಕೊಂಡು ಮೆಲ್ಲಗೆ ಎಳೆದರು, ನೋವಾದೀತು ಎಂಬಂತೆ — ಆಗಲೇ ಜಯಲತಾಳಿಗೆ ಅಳು ಬಂದದ್ದು.

ಗಾಡಿ ಕೆಳಗೆ ಬಂದು ನಿಂತಿದೆ, ಕೊಳ್ಳಿ ಹಿಡಿಯುವವರು ಯಾರು ಎಂಬುದೇ ತೀರ್ಮಾನವಾಗಿಲ್ಲ, ಲಿಫ್ಟಿನ ಪಕ್ಕ ಯೋಗೀಶ್, ತೀರಿಹೋದ ತಮ್ಮ ಜಯಶೀಲನ ಮಗ, ಘೋಡಬಂದರ್ ರಸ್ತೆಯಿಂದ ಹೆಂಡತಿಯನ್ನೂ ಮಗಳು ತೃಷಾಳನ್ನೂ ಕರೆದುಕೊಂಡು ಬಂದವನು, ಮೊಬೈಲಿನ ಮೇಲೆ ಬೆರಳಾಡಿಸುತ್ತ, ಸೋದರತ್ತೆಗೆ ಹೇಳುತ್ತಿದ್ದಾನೆ, ಮಾಮೀ ಬೇಜಾರು ಮಾಡ್ಬೇಡಿ, ನಮ್ದು ಅಮ್ಮನ ಬಳಿ ಅಲ್ವಾ, ನಿಮ್ದು ಬೇರೆ, ನಮಗೆ ಸೂತಕವೇ ಇಲ್ಲ, ಇಲ್ಲದ್ದನ್ನ ಮೈಮೇಲೆ ಎಳ್ಕೊಂಡ್ರೆ ದೋಷ ಅಂತ ಊರಿನ ಭಟ್ರು ಫೋನಲ್ಲಿ ಹೇಳಿದ್ರು, ಅದೂ ಬುಧವಾರ ಗೃಹಪ್ರವೇಶ ಉಂಟು, ಕ್ಯಾಟರರ್‌ಗೆಲ್ಲ ಹೇಳಿ ಆಯ್ತು — ಬಳಿಯಂತೆ! ತಾಯಿಯಿಂದ ಮಕ್ಕಳಿಗೆ ಬರುವ ಬಳಿ, ಗೋತ್ರದಂಥದ್ದು, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ, ತಮ್ಮನಿಗೆ, ಇವಳಿಗೆ, ತಮ್ಮನ ಮಕ್ಕಳಿಗೆ ಮಾತ್ರ ಅವರಮ್ಮನದು, ಇದೆಲ್ಲ ಇವನಿಗೆ ಗೊತ್ತಿದೆಯೆಂದೇ ಇವಳಿಗೆ ಗೊತ್ತಿರಲಿಲ್ಲ. ಜಯಶೀಲ ಹೋದಾಗ ಅವನು ನಡೆಸುತ್ತಿದ್ದ ಹೋಟೆಲಿನ ಮಾತು ಬಂತು, ಅಕ್ಕನಿಗೂ ಒಂದು ಪಾಲು ಬೇಡ್ವಾ ಯೋಗೀಶಾ, ಅದರ ಅಡುಗೆಮನೆಯಲ್ಲೇ ಸವೆದವಳು, ಎಂದು ಇವಳು ಕೇಳಿದ್ದಕ್ಕೆ ನಕ್ಕುಬಿಟ್ಟಿದ್ದ, ಅಳಿಯಕಟ್ಟು, ಹೆಣ್ಣಿನ ಕಡೆಯಿಂದ ಆಸ್ತಿ, ಅದೆಲ್ಲ ಅಜ್ಜಂದಿರ ಕಾಲಕ್ಕೇ ಮುಗೀತು ಮಾಮಿ, ಈಗ ಅಪ್ಪನದ್ದು ಮಗನಿಗೆ, ಕಾನೂನೇ ಹಾಗೆ — ಆಸ್ತಿಗೆ ಅಪ್ಪ, ಹೆಣಕ್ಕೆ ಅಮ್ಮ. ಮತ್ತೆ ಇವಳು, ಇವಳೇನು ಮಾಡುತ್ತಿದ್ದಳು, ವರ್ಷ ವರ್ಷವೂ ಸಂಘದ ಮಹಿಳಾ ದಿನಾಚರಣೆಯಲ್ಲಿ ಮೈಕ್ ಹಿಡಿದು, ನಮ್ಮಲ್ಲಿ ಹೆಣ್ಣೇ ಕುಟುಂಬದ ಬೇರು, ಜಗತ್ತು ಸ್ತ್ರೀವಾದ ಎನ್ನುವ ಮೊದಲೇ ನಮ್ಮ ಅಜ್ಜಿಯರು ಅದನ್ನು ಬದುಕಿದ್ದರು, ಚಪ್ಪಾಳೆಯೋ ಚಪ್ಪಾಳೆ, ಒಮ್ಮೆ ಅಕ್ಕನೂ ಬಂದಿದ್ದಳು, ಹಿಂದಿನ ಸಾಲಿನಲ್ಲಿ, ವಾಪಸು ಬರುವಾಗ ಟ್ರೇನಿನಲ್ಲಿ ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದಳು, ಭಾಷಣ ಲಾಯ್ಕಾಗಿತ್ತು ಮಾರಾಯ್ತಿ, ಆದ್ರೆ ಬೇರು ಅಂದ್ರೆ ಮಣ್ಣಿನ ಒಳಗೆ ಇರುದಲ್ವಾ, ಮರ ಹತ್ತಿದವ ಅದನ್ನ ಎಲ್ಲಿ ನೋಡ್ತಾನೆ — ಇಬ್ಬರೂ ಘಣಸೋಲಿ ಬರುವವರೆಗೆ ನಕ್ಕಿದ್ದರು, ನಗುವಂಥದ್ದೇ, ನಗು ಇಳಿದ ಮೇಲೆ ಮಾತ್ರ ಅಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಕೋಪವೆಂಬುದನ್ನು ಅಕ್ಕ ಎಲ್ಲಿಟ್ಟಿದ್ದಳೋ, ಕೇಳಬೇಕಿತ್ತು, ಇನ್ನು ಯಾರನ್ನು ಕೇಳುವುದು.

ಗಾಡಿಯವನು ಮೇಲೆ ಬಂದಿದ್ದಾನೆ, ಚಪ್ಪಲಿ ಹೊರಗೆ ಬಿಟ್ಟು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಆಜೀ, ಕೋಣಿ ನಾಹೀ ಕಾ, ಯಾರೂ ಇಲ್ಲದಿದ್ದರೆ ಸ್ಮಶಾನದ ಕೆಲಸದವರೇ ಬೆಂಕಿ ಕೊಡುತ್ತಾರೆ, ಪರವಾಗಿಲ್ಲ, ಎಷ್ಟೋ ಮಂದಿಗೆ ಹಾಗೇ ಆಗುತ್ತದೆ — ಎಷ್ಟೋ ಮಂದಿ, ಅವರೊಳಗೆ ಅಕ್ಕನೂ, ಯಾರೂ ಇಲ್ಲದವಳು, ಈ ಮನೆಯ ಅಷ್ಟೂ ಜನಕ್ಕೆ ಬಡಿಸಿದವಳು, ಇಲ್ಲ, ಇಲ್ಲ, ನಾನೇ ಹಿಡಿಯುತ್ತೇನೆ, ಅಂದದ್ದು ತಾನೇ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ನೀವಾ ಮಾಮೀ? ಹೆಂಗಸರು ಸ್ಮಶಾನಕ್ಕೆ ಹೋಗುವ ಕ್ರಮ ನಮ್ಮಲ್ಲಿ ಎಲ್ಲಿ ಉಂಟು? ನಿಮ್ಮಲ್ಲಿ ಇಲ್ಲದಿರಬಹುದು ಯೋಗೀಶಾ, ನಿನ್ನ ಬಳಿಯೇ ಬೇರೆ ಅಲ್ವಾ, ನೀನೇ ಹೇಳಿದ್ದು — ಅವನ ಹೆಂಡತಿ ಗೋಡೆ ನೋಡಿದಳು, ಗೆದ್ದೆ ಎನಿಸಲಿಲ್ಲ ಜಯಲತಾಳಿಗೆ, ಗಾಡಿಯವನು ಮೊಣಕೈ ಹಿಡಿದು ಸಾವಕಾಶ ಆಜೀ, ಸಾವಕಾಶ, ಎನ್ನುತ್ತ ಇಳಿಸಿದ. ಸ್ಮಶಾನದಲ್ಲಿ ಮಧ್ಯಾಹ್ನದ ಬಿಸಿಲು, ಕೊಳ್ಳಿ ಇಷ್ಟು ಭಾರವಿರುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ, ಹೆಣ್ಣಿನ ಹಕ್ಕು ಎಂದು ಬಾಯ್ತುಂಬ ಹೇಳಿದ್ದ ಯಾವ ಮಾತೂ ಆಗ ನೆನಪಿಗೆ ಬರಲಿಲ್ಲ, ಬಂದದ್ದು ಒಂದೇ, ಇವಳಿಗೆ ನಾನಿದ್ದೆ, ನನಗೆ? ಗಂಡ ಎಂದೋ ಹೋದ, ಹೆತ್ತ ಒಂದು ಹೆಣ್ಣು ಮಗು ಹತ್ತು ದಿನವೂ ಬಾಳಲಿಲ್ಲ, ಆಮೇಲೆ ಆಗಲಿಲ್ಲ, ಅಜ್ಜಿ ಅಮ್ಮ ಅಕ್ಕ ಎಂದು ಇಳಿದು ಬಂದ ಬಳಿ ಇಲ್ಲಿ, ಈ ತಗಡಿನ ಮಾಡಿನ ಕೆಳಗೆ, ತನ್ನೊಬ್ಬಳಲ್ಲಿ ನಿಂತಿದೆ, ತಾನು ಹೋದ ದಿನ ಸೂತಕ ಹಿಡಿಯಲು ಭೂಮಿಯ ಮೇಲೆ ಒಂದು ಜೀವವೂ ಇಲ್ಲ, ಎಲ್ಲರೂ ಶುದ್ಧ, ಎಲ್ಲರೂ ಬೇರೆ.

ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಕೂತಿದ್ದಾಳೆ, ಸಂಜೆಯಾಗುತ್ತಿದೆ, ಒಲೆ ಹಚ್ಚುವಂತಿಲ್ಲ, ಸೂತಕದ ಮನೆಯಲ್ಲಿ ಬೇಯಿಸುವುದು ಬೇರೆ ಬಳಿಯವರ ಕೆಲಸ, ಅವರು ತಂದರೆ ಊಟ, ಯೋಗೀಶ್ ಸ್ಮಶಾನದ ಗೇಟಿನಿಂದಲೇ ಹೊರಟುಹೋದ, ತಲೆ ಮೇಲೆ ನೀರು ಹಾಕಿಕೊಳ್ಳಬೇಕಲ್ಲ, ಬುಧವಾರಕ್ಕೆ ಸಿದ್ಧನಾಗಬೇಕಲ್ಲ, ಹೋಗಲಿ, ಹಸಿವೂ ಇಲ್ಲ — ಬಾಗಿಲು ಸದ್ದಾಯಿತು, ತೃಷಾ, ಅಪ್ಪನೊಡನೆ ಹೋಗಿದ್ದಾಳೆ ಎಂದು ಜಯಲತಾ ಅಂದುಕೊಂಡಿದ್ದವಳು, ಕನ್ನಡ ಮಾತಾಡಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ, ಬಳಿ ಎಂದರೇನೆಂದು ಕೇಳಿಯೂ ಇರದವಳು, ಸಾವಂತ್ ವಹಿನಿಯ ಅಡುಗೆಮನೆಯಲ್ಲಿ ನಿಂತು ಮಾಡಿರಬೇಕು, ಕುರ್ತಾದ ಮೇಲೆಲ್ಲ ನೀರು, ಒಗ್ಗರಣೆಯಿಲ್ಲದ ಹೆಸರುಕಾಳು, ಮುದ್ದೆಯಾದ ಅನ್ನ, ಯಾರು ಹೇಳಿದರು ಇವಳಿಗೆ, ಸೂತಕದ ಊಟಕ್ಕೆ ಒಗ್ಗರಣೆ ಹಾಕಬಾರದೆಂದು ಯಾರು — ಹುಡುಗಿ ಡಬ್ಬಿ ಹಿಡಿದ ಕೈಯನ್ನಷ್ಟೇ ಮುಂದೆ ಚಾಚುತ್ತಾಳೆ, ಬೆರಳ ತುದಿಯಲ್ಲಿ ಬೊಬ್ಬೆ, ಹಬೆ ತಾಗಿ ಕೆಂಪಾದದ್ದು, ಆ ಕೈ, ಚಾಚಿಯೇ ಇದೆ, ಆ ಕೈ.