ಗಂಗುಬಾಯಿ ಹೊದಿಸಿದ ಕೌದಿ

ತೊಗರಿ ಕಟ್ಟಿಗೆಯ ಹೊಗೆ ಹೇಗಿರುತ್ತದೆ ಎಂದು ಆಳಂದದ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಗರಿ ಒಕ್ಕಿ ರಾಶಿ ಮುಗಿದ ಮೇಲೆ ಹೊಲದಿಂದ ಬಂಡಿಗಟ್ಟಲೆ ಕಟ್ಟಿಗೆ ಬರುತ್ತದೆ. ವರ್ಷವಿಡೀ ಬಚ್ಚಲೊಲೆಗೆ ಅದೇ ಗತಿ. ಪುಕ್ಕಟೆ ಉರುವಲು ಎನ್ನುತ್ತೇವೆ. ಪುಕ್ಕಟೆ ಹೌದೋ ಅಲ್ಲವೋ ಎಂದು ದ್ರೌಪದಿಯ ಎದೆಯನ್ನು ಕೇಳಬೇಕು.

ಸೊಸೆಯಾಗಿ ಬಂದಂದಿನಿಂದ ಹಂಡೆಯ ಮುಂದೆ ಕುಳಿತು ಊದುಗೊಳವೆ ಊದಿದವಳು ಆಕೆ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕಲಬುರಗಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಇನ್ನ ಮ್ಯಾಲೆ ಹೊಗಿ ಹತ್ರ ಹೋಗಬ್ಯಾಡ್ರಿ. ಹೋದ್ರ ಯಾವ ಔಷಧನೂ ಕೆಲಸ ಮಾಡಂಗಿಲ್ಲ."

ಅದೇ ಹೊತ್ತಿಗೆ ಮಗಳು ಸಂಘಮಿತ್ರಾ ಅಫಜಲಪುರದ ಗಂಡನ ಮನೆಯಿಂದ ಹೆರಿಗೆಗೆ ಬಂದಳು. ಬಾಣಂತಿ ಇರುವ ಮನೆಗೆ ಬಿಸಿನೀರು ಎಷ್ಟಿದ್ದರೂ ಸಾಲದು. ಒಲೆ ಹಚ್ಚುವವರು ಯಾರು? ದ್ರೌಪದಿಯ ಗಂಡ ಸೂರ್ಯಕಾಂತ ಹೈಸ್ಕೂಲ್ ಮಾಸ್ತರ. ನಾಲ್ಕು ಮಂದಿಯನ್ನು ಕೇಳಿ, ಯೋಚನೆ ಮಾಡಿ, ನೀರು ಕಾಯಿಸುವ ಹೀಟ್ ಪಂಪ್ ತಂದು ಹಿತ್ತಲ ಪಡಸಾಲೆಯಲ್ಲಿ ಕೂಡಿಸಿದ. ಮೇಲೆ ಫ್ಯಾನು, ಕೆಳಗೆ ನೂರು ಲೀಟರಿನ ಟ್ಯಾಂಕು.

ಸೂರ್ಯಕಾಂತನ ತಾಯಿ ಗಂಗುಬಾಯಿ ಫ್ಯಾನಿನ ಮುಂದೆ ಕೈ ಹಿಡಿದು ಹೌಹಾರಿದಳು.

"ಏ ಸೂರ್ಯಾ, ಇದರ ಬಾಯಾಗಿಂದ ತಂಪ ಗಾಳಿ ಬರಾಕತ್ತದಲ್ಲೋ! ತಾನೇ ಥಂಡಿಗಿ ನಡುಗೋದು, ಬಾಣಂತಿಗಿ ಏನ ನೀರ ಕಾಸ್ತದ?"

"ಅವ್ವಾ, ಅದು ಹೊರಗಿನ ಗಾಳ್ಯಾಗಿನ ಕಾವ ಎಳ್ಕೊಂಡು ನೀರಿಗಿ ಕೊಡ್ತದ. ಕಾವ ಕಳ್ಕೊಂಡ ಗಾಳಿ ತಂಪಾಗಿ ಹೊರಗ ಬರ್ತದ."

"ಗಾಳ್ಯಾಗ ಎಲ್ಲಿ ಕಾವೋ?"

"ನಮ್ಮ ಕಡಿ ಕಾವಿಗೇನ ಬರ ಅದ? ಇಲ್ಲಿ ಇರೋದ ಎರಡೇ ಕಾಲ. ಒಂದು ಬ್ಯಾಸಗಿ, ಇನ್ನೊಂದು ಕಡು ಬ್ಯಾಸಗಿ!"

ಮುದುಕಿ ಮುಖ ಸಿಂಡರಿಸಿದಳು. ಯಂತ್ರ ಮಾತ್ರ ಭೇಷ್ ಎನ್ನುವ ಹಾಗೆ ಕೆಲಸ ಮಾಡಿತು. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು. ಬಚ್ಚಲಲ್ಲಿ ಹೊಗೆಯಿಲ್ಲ, ಮಸಿಯಿಲ್ಲ. ದ್ರೌಪದಿ ಬಹಳ ದಿನಗಳ ಮೇಲೆ ಕೆಮ್ಮದೆ ನಿದ್ದೆ ಮಾಡಿದಳು.

ಸಂಘಮಿತ್ರಾ ಹೆಣ್ಣುಕೂಸು ಹಡೆದು ಆಸ್ಪತ್ರೆಯಿಂದ ಮನೆಗೆ ಬಂದಾಗ ಊರಿಗೆ ಒಳ್ಳೆ ಚಳಿ ಬಿದ್ದಿತ್ತು. ಒಂದು ವಾರ ಎಲ್ಲ ಸುರಳೀತ ನಡೆಯಿತು. ಆಮೇಲೆ ಒಂದು ಮುಂಜಾನೆ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು. ಮರುದಿನವೂ ಅಷ್ಟೇ. ಕರೆಂಟಿನ ಮೀಟರು ಮಾತ್ರ ಮೊದಲಿಗಿಂತ ಜೋರಾಗಿ ಓಡುತ್ತಿತ್ತು.

"ನಾ ಹೇಳಿದ್ನಿಲ್ಲ? ನಮ್ಮ ಒಲಿನೇ ಪಾಡ!" ಎಂದು ಗಂಗುಬಾಯಿ ಬಚ್ಚಲೊಲೆಗೆ ತೊಗರಿ ಕಟ್ಟಿಗೆ ತುರುಕಿದಳು. ಹೊಗೆ ಮನೆಯೆಲ್ಲ ತುಂಬಿತು. ಅಡುಗೆಮನೆಯಲ್ಲಿದ್ದ ದ್ರೌಪದಿ ಕೆಮ್ಮುತ್ತ ಕೆಮ್ಮುತ್ತ ಗೋಡೆ ಹಿಡಿದು ಕುಸಿದಳು. ತುಟಿಗಳು ನೀಲಿಯಾಗಿದ್ದವು.

ಬಾಣಂತಿ ಎದ್ದು ಬಂದು ಅಜ್ಜಿಗೆ ಹೇಳಿದಳು: "ಆಯಿ, ಒಲಿ ಆರಸು. ನನ್ನ ನೀರಿಗಿ ನಮ್ಮವ್ವನ ಉಸುರು ಹೋಗೋದಾದ್ರ ಆ ನೀರ ನನಗ ಬ್ಯಾಡ."

ಕೆಮ್ಮು ಕೇಳಿ ಪಕ್ಕದ ಮನೆಯ ನೂರೀನ ಓಡಿ ಬಂದಳು. ಐಟಿಐಯಲ್ಲಿ ಕರೆಂಟಿನ ಪಾಠ ಹೇಳುವವಳು. ಮೊದಲು ಒಲೆಗೆ ನೀರು ಹೊಯ್ದು, ದ್ರೌಪದಿಯನ್ನು ಅಂಗಳದ ಗಾಳಿಗೆ ಕೂಡಿಸಿ, ಡಾಕ್ಟರು ಕೊಟ್ಟಿದ್ದ ಇನ್‌ಹೇಲರ್ ಬಾಯಿಗಿಟ್ಟು ಔಷಧ ಎಳೆಸಿದಳು. ಉಸಿರು ಹದಕ್ಕೆ ಬಂದ ಮೇಲೆ ಯಂತ್ರ ನೋಡಲು ಹಿತ್ತಲಿಗೆ ಹೋದಳು. ಹೋದವಳು ಅಲ್ಲೇ ನಿಂತುಬಿಟ್ಟಳು.

ಯಂತ್ರಕ್ಕೆ ನೆತ್ತಿಯಿಂದ ಬುಡದವರೆಗೆ ಹಳೆ ಸೀರೆ ಹೊಲಿದು ಮಾಡಿದ ದಪ್ಪ ಕೌದಿ ಹೊದಿಸಿತ್ತು. ಬಾಣಂತಿಗೆ ಕಿವಿ ಕಟ್ಟುವ ಹಾಗೆ ಮೇಲೊಂದು ಅರಿವೆಯ ಗಂಟು ಬೇರೆ!

"ಅಯ್ಯ ಆಯಿ, ಇದೇನ್ರಿ?"

"ಮತ್ತೇನ ಮಾಡ್ಲಿ ಬೇ? ಮೈ ಮುಟ್ಟಿದ್ರ ತಣ್ಣಗ ಆಗಿತ್ತು, ಗುರ್ ಅಂತ ನಡುಗಾಕತ್ತಿತ್ತು. ಬಾಣಂತಿಗಿ ಗಾಳಿ ತಾಕಬಾರದು ಅಂತೇವಿ. ಬಾಣಂತಿಗಿ ನೀರ ಕಾಸೋದಕ್ಕ ತಾಕಿದ್ರ ನಡೀತದೇನು? ಕರುಳ ಚುರ್ ಅಂತು, ಹೊದಿಸೀನಿ."

ಸೂರ್ಯಕಾಂತನಿಗೆ ನಗು ತಡೆಯಲಾಗಲಿಲ್ಲ. ನೂರೀನ ನಗಲಿಲ್ಲ. ಮುದುಕಿಯ ಕೈ ಹಿಡಿದು ಹೇಳಿದಳು:

"ಆಯಿ, ಗಾಳಿನೇ ಅದರ ಊಟ. ಹೊಗ್ಯಾಗ ದ್ರೌಪದಿ ಕಾಕಿಗಿ ಉಸುರು ಸಿಗವಲ್ದಾಗಿತ್ತಲ್ಲ, ಕೌದ್ಯಾಗ ಇದಕ್ಕೂ ಹಂಗೇ ಆಗ್ಯಾದ."

ಗಂಗುಬಾಯಿ ಸೊಸೆಯ ಕಡೆ ನೋಡಿದಳು. ತಾನೇ ಗಂಟು ಬಿಚ್ಚಿ ಕೌದಿ ಎಳೆದಳು.

"ಕೌದಿ ತೆಗದ್ರ ಸರಿ ಆಗ್ತದಂತ ಹ್ಯಾಂಗ ನಂಬೋದು?" ಎಂದ ಸೂರ್ಯಕಾಂತ.

"ನನ್ನ ಮಾತ ನಂಬಬ್ಯಾಡ್ರಿ ಕಾಕಾ, ಮೀಟರ್ ನಂಬ್ರಿ. ಟ್ಯಾಂಕ್ ತುಂಬ ತಣ್ಣೀರು ಇದ್ದಾಗ ಮನ್ಯಾಗಿನ ಉಳಿದ ಸ್ವಿಚ್ ಎಲ್ಲ ಆರಿಸ್ರಿ. ಮೀಟರ್ ನೋಡ್ರಿ. ನೀರ ಕಾದ ಮ್ಯಾಲೆ ಮತ್ತ ನೋಡ್ರಿ. ನೂರು ಲೀಟರ್ ನೀರು ಮೂವತ್ತು ಡಿಗ್ರಿ ಏರಬೇಕಂದ್ರ ಬಕೆಟ್ಟಿಗಿ ಹಾಕೋ ರಾಡ್ ಮೂರೂವರೆ ಯೂನಿಟ್ ತಿಂತದ. ಇದು ಒಂದು ಯೂನಿಟ್, ಭಾಳ ಅಂದ್ರ ಒಂದೂವರೆ ತಿನ್ಬೇಕು. ಉಳಿದ ಕಾವು ಗಾಳಿ ಕೊಡ್ತದ. ಅದಕ್ಕಿಂತ ಹೆಚ್ಚ ತಿಂದ್ರ ಎಲ್ಲ್ಯೋ ಏನೋ ತಪ್ಪ್ಯಾದ ಅಂತ ತಿಳೀರಿ."

ಹಾಗೇ ಮಾಡಿದರು. ಅಂದು ಮಧ್ಯಾಹ್ನ ಒಂದೂಕಾಲು ಯೂನಿಟ್ಟಿಗೆ ನೀರು ಕಾಯಿತು. ಮೀಟರಿನ ಮುಂದೆ ಕಾವಲು ನಿಂತವಳು ಗಂಗುಬಾಯಿಯೇ. ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ ಮೊಣಕೈ ಅದ್ದಿ, "ಹದ ಅದ ಬಿಡು" ಎಂದಳು. ಆಕೆಯ ಬಾಯಲ್ಲಿ ಅಷ್ಟು ಬಂದರೆ ಪದವಿ ಸಿಕ್ಕ ಹಾಗೆ.

ಇನ್ನೊಂದು ತಪ್ಪನ್ನೂ ನೂರೀನ ಕಂಡುಹಿಡಿದಳು. ಹಂಡೆಯ ರೂಢಿಯಂತೆ ನೀರು ಕೊತಕೊತ ಕಾಯಲಿ ಎಂದು ಮುದುಕಿ ಯಂತ್ರದ ಬಿಸಿಯನ್ನು ಮೇಲ್ತುದಿಗೆ ಇಡಿಸಿದ್ದಳು. ಆಮೇಲೆ ಅರ್ಧಕ್ಕರ್ಧ ತಣ್ಣೀರು ಬೆರೆಸುವುದು!

"ಐವತ್ತೈದು ಡಿಗ್ರಿ ಬೇಕಾದಷ್ಟಾತು, ಆಯಿ. ಅದಕ್ಕೂ ತಣ್ಣೀರ ಬೆರಸೇ ಹಾಕ್ಬೇಕು. ಮಧ್ಯಾಹ್ನ ಬಿಸಲಾಗ ಹಚ್ರಿ, ಮುಂಜಾನಿ ತನಕ ಬಿಸಿ ಇರ್ತದ. ಇನ್ನ ನಿಮ್ಮ ಕೈ ಕೌದಿ ಹೊದಿಸ್ದೆ ಇರಂಗಿಲ್ಲಂದ್ರ, ನೀರ ಬರೋ ಆ ಪೈಪಿಗಿ ಹೊದಿಸ್ರಿ. ದಾರ್ಯಾಗ ಕಾವು ಸೋರಂಗಿಲ್ಲ."

ಗಂಗುಬಾಯಿ ಹಳೆಯ ಅರಿವೆ ಹರಿದು ಪೈಪಿಗೆ ಒಪ್ಪವಾಗಿ ಸುತ್ತಿದಳು. ಕೌದಿಯನ್ನು ಒಗೆದು ಒಣಗಿಸಿ ಕೂಸಿನ ತೊಟ್ಟಿಲಿಗೆ ಹಾಸಿದಳು.

ಆ ಸಂಜೆ ದ್ರೌಪದಿ ತೊಟ್ಟಿಲು ತೂಗುತ್ತ ಜೋಗುಳ ಎತ್ತಿಕೊಂಡಳು. ಎಷ್ಟೋ ವರ್ಷಗಳಿಂದ ಆಕೆಯ ಹಾಡು ನಡುವೆಯೇ ಕೆಮ್ಮಿಗೆ ಕಡಿದುಹೋಗುತ್ತಿತ್ತು. ಅಂದು ಕೊನೆಯ ನುಡಿಯವರೆಗೂ ಹಾಡಿದಳು. ಬಾಗಿಲಲ್ಲಿ ಕುಳಿತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮನೆಯಲ್ಲಿ ಹೊಗೆ ಇರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹೀಟ್ ಪಂಪ್ ಕೊಳ್ಳುವಾಗ ದುಬಾರಿ, ಅದನ್ನು ಮುಚ್ಚಿಡುವುದಿಲ್ಲ. ಬಹಳ ನೀರು ಬೇಕಾದ ಮನೆಗೆ ಅದು ಒಗ್ಗುತ್ತದೆ. ನಾಲ್ಕು ಮನೆ ವಿಚಾರಿಸಿ ಕೊಳ್ಳಿ. ಕೊಂಡ ಮೇಲೆ ಅದರ ಸುತ್ತ ಗಾಳಿಗೆ ಜಾಗ ಬಿಡಿ, ಗಾಳಿ ಎಳೆಯುವ ಜಾಲರಿಯ ಧೂಳು ತೆಗೆಯಿರಿ, ಬೇಕಾದಷ್ಟೇ ಬಿಸಿಗೆ ಇಡಿ, ಆಗಾಗ ಮೀಟರು ನೋಡಿ. ಕೈಗೆ ತಣ್ಣಗೆ ತಾಗಿತೆಂದು ಕೆಟ್ಟಿದೆ ಎನ್ನಬೇಡಿ.

ಇವತ್ತೇ ಕೊಳ್ಳಲಾಗದಿದ್ದರೂ ಒಂದು ಕೆಲಸ ಇವತ್ತೇ ಮಾಡಬಹುದು. ನಿಮ್ಮ ಮನೆಯ ಬಚ್ಚಲೊಲೆಯ ಮುಂದೆ ಕುಳಿತವಳು ಹೇಗೆ ಉಸಿರಾಡುತ್ತಿದ್ದಾಳೆ, ಪಕ್ಕದಲ್ಲಿ ಕುಳಿತು ಕೇಳಿ.