ಆರನೆಯ ಬಾವುಟ

ಬದುವಿನ ತುದಿಯ ಕಲ್ಲು ಇತ್ತು. ಬಾವುಟ ಇರಲಿಲ್ಲ.

ದೀಪಶ್ರೀ ಕಲ್ಲಿಗೆ ಎರಡು ಸುತ್ತು ಬಂದಳು. ನಕಾಶೆಯಲ್ಲಿ ಆರನೆಯ ವೃತ್ತದ ನಡುವೆ ಇದೇ ಬದು, ಇದೇ ಕಲ್ಲು. ಸುತ್ತ ಕೊಯ್ದ ರಾಗಿಯ ಕೂಳೆ, ಆಚೆ ನೀಲಗಿರಿ ತೋಪು, ಅದರಾಚೆ ಎಲ್ಲೋ ಕಾಂಕ್ರೀಟ್ ಕಲೆಸುವ ಯಂತ್ರದ ಸದ್ದು. ಕುತ್ತಿಗೆಗೆ ಕಟ್ಟಿದ್ದ ಕಾರ್ಡಿನಲ್ಲಿ ಐದು ಚೌಕಗಳಿಗೆ ತೂತು ಬಿದ್ದಿತ್ತು. ಕಾರ್ಖಾನೆಗಳ ನಡುವಿನ ಓರಿಯೆಂಟೀರಿಂಗ್ ಸ್ಪರ್ಧೆ. ನಕಾಶೆ ನೋಡಿಕೊಂಡು ಹತ್ತು ಬಾವುಟಗಳನ್ನು ಹುಡುಕಬೇಕು, ಒಂದೊಂದರಲ್ಲೂ ನೇತಾಡುವ ಕ್ಲಿಪ್ಪಿನಿಂದ ಕಾರ್ಡಿಗೆ ತೂತು ಒತ್ತಿಕೊಳ್ಳಬೇಕು. ಬೇರೆ ಬೇರೆಯಾಗಿ ಓಡುವ ಮೂವರಲ್ಲಿ ಒಬ್ಬರು ಒಂದು ಬಿಟ್ಟರೂ ತಂಡವೇ ಲೆಕ್ಕಕ್ಕಿಲ್ಲ.

ಕಳೆದ ವರ್ಷ ಬಿಟ್ಟಿದ್ದಳು. ಅದೂ ಆರನೆಯದನ್ನೇ. ಬಾವುಟ ಇಡಲು ಮರೆತಿದ್ದಾರೆ ಎಂದುಕೊಂಡು ಏಳನೆಯದಕ್ಕೆ ಓಡಿದ್ದಳು. ಮುಗಿಸಿ ಬಂದು, “ಅಲ್ಲಿರ್ಲಿಲ್ಲ ಸಾರ್, ಆಣೆ” ಎಂದು ಎಲ್ಲರೆದುರು ವಾದಿಸಿದ್ದಳು. ಸ್ಪರ್ಧೆ ನಡೆಸುವವರು ಕರೆದುಕೊಂಡು ಹೋಗಿ ತೋರಿಸಿದರು. ಪಕ್ಕದ ಬದುವಿನಲ್ಲಿ, ಐವತ್ತು ಹೆಜ್ಜೆ ಆಚೆ, ಬಾವುಟ ಗಾಳಿಗೆ ಆಡುತ್ತಿತ್ತು. ಅಂದಿನಿಂದ ಪೀಣ್ಯದಲ್ಲಿ ಅವಳ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಡ್ಲಿ ಹಾಕುವವನೂ, “ದೀಪಾ ಮೇಡಂಗೆ ಐದಾದ್ಮೇಲೆ ಏಳು” ಅನ್ನುತ್ತಿದ್ದ. ನಿನ್ನೆ ತಂಡದಲ್ಲಿದ್ದ ಸಿದ್ಧಾರ್ಥನ ಕಾಲು ಉಳುಕದಿದ್ದರೆ ಈ ಸಲ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಬೆಳಿಗ್ಗೆ ನಕಾಶೆ ಕೈಗಿಡುವಾಗ ತಂಡದ ನಾಯಕ ಪ್ರಸನ್ನ ಅವಳ ಮುಖ ನೋಡಿರಲಿಲ್ಲ. “ಬೇಗ ಬರ್ಬೇಡಿ. ಎಲ್ಲಾ ತೂತು ಹಾಕ್ಕೊಂಡ್ ಬನ್ನಿ, ಸಾಕು.”

ತೋಪಿನ ಕಡೆಯಿಂದ ಹಳದಿ ಅಂಗಿಯವನೊಬ್ಬ ಓಡಿ ಬಂದ. ಬೇರೆ ಕಾರ್ಖಾನೆಯವನು. ಕಲ್ಲಿನ ಹಿಂದೆ ಮುಂದೆ ಬಗ್ಗಿ ನೋಡಿದ.

“ಇಲ್ಲ ಅಲ್ವಾ?”

“ಇಲ್ಲ.”

“ಇಟ್ಟೇ ಇಲ್ಲ ಗುರು ಇವ್ರು! ಬಿಟ್ಟಾಕಿ ಮೇಡಂ, ಏಳಕ್ಕೆ ಹೋಗಣ. ಇಬ್ರೂ ಒಟ್ಟಿಗೆ ಹೇಳಿದ್ರೆ ನಂಬ್ತಾರೆ.”

ಅವನು ಹೊರಟೇಬಿಟ್ಟ. ದೀಪಶ್ರೀಯ ಕಾಲು ಅವನ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತಿತು. ಅವನ ಮಾತನ್ನು ನಂಬಬಹುದು. ಅವಳದನ್ನಲ್ಲ.

ದಾರಿ ತಪ್ಪಿದೆ ಅನ್ನಿಸಿದರೆ, ಕೊನೆಯದಾಗಿ ಎಲ್ಲಿ ಖಚಿತವಾಗಿತ್ತೋ ಅಲ್ಲಿಗೆ ಹಿಂದಿರುಗಬೇಕು. ಕಳೆದ ವರ್ಷ ಬಾವುಟ ತೋರಿಸಿದವರು ಹೇಳಿದ್ದು ಅದೊಂದೇ ಮಾತು. ತೋಪಿನ ಮೂಲೆಯ ಹೈ ಟೆನ್ಷನ್ ಕಂಬಕ್ಕೆ ಓಡಿದಳು. ಕಂಬ ಮುಟ್ಟಿ ತಿರುಗಿದಳು. ನಕಾಶೆಯ ಪ್ರಕಾರ ನೂರ ನಲವತ್ತು ಹೆಜ್ಜೆ. ಎಂಬತ್ತರ ಹತ್ತಿರ ಒಂದು ಹತ್ತನ್ನು ಎರಡು ಸಲ ಎಣಿಸಿದಂತಾಗಿ ನಿಂತಳು. ಮತ್ತೆ ಕಂಬಕ್ಕೆ ಹೋದಳು. ಏಳು ನಿಮಿಷ ಕಳೆದಿತ್ತು. ಈ ಸಲ ಬಾಯಿಬಿಟ್ಟು ಎಣಿಸಿದಳು. ನೂರ ಮೂವತ್ತೆಂಟಕ್ಕೆ ಅದೇ ಕಲ್ಲು.

ಮೊಣಕಾಲೂರಿದಳು. ಕಲ್ಲಿನ ಎಡಕ್ಕೆ ಹೆಬ್ಬೆರಳು ಹಿಡಿಸುವಷ್ಟು ತೂತು. ಸುತ್ತಲ ನೆಲ ಒಣಗಿತ್ತು. ತೂತಿನ ಅಂಚಿಗೆ ಉದುರಿದ ಮಣ್ಣು ಇನ್ನೂ ಹಸಿಯಾಗಿತ್ತು.

ತಲೆಯೆತ್ತಿದಾಗ ಬದುವಿನ ಕೆಳಗೆ ಹಸು ಮೇಯಿಸುತ್ತಿದ್ದ ಮುದುಕಿ ಕಂಡಳು. ಪಕ್ಕದಲ್ಲಿದ್ದ ಹುಲ್ಲಿನ ಹೊರೆಯಿಂದ ಒಂದು ಕಬ್ಬಿಣದ ಸರಳು ಚಾಚಿಕೊಂಡಿತ್ತು. ಅದರ ತುದಿಯಲ್ಲಿ ಕಿತ್ತಳೆ-ಬಿಳಿ ಬಟ್ಟೆ.

“ಅಜ್ಜಿ, ಅದು ನಮ್ದು!”

“ನಿಮ್ದಾ? ಬಾ, ಬಾ. ನಿಮ್ಮೋರ್ನೇ ಕಾಯ್ತಿದ್ದೆ. ಓದ್ಸಲ ಇಂಗೇ ಬಾವುಟ ನೆಟ್ರಿ, ಅಳತೆ ಮಾಡುದ್ರಿ. ಏನೂ ಇಲ್ಲ ಕಣಮ್ಮ, ಸುಮ್ಕೆ ಅಂದ್ರಿ. ಕೆಳಗ್ಲ ಒಲ ರೋಡಿಗೆ ಓಯ್ತು. ಇದನ್ನ ಮಾತ್ರ ಬುಡಾಕಿಲ್ಲ.”

“ಸರ್ವೆ ಅಲ್ಲ ಅಜ್ಜಿ. ಇದು ಆಟ. ಓಡೋ ಆಟ.”

“ಮದುವೆ ವಯಸ್ಸಾಗಿ ಇದೆಂಥ ಕಣ್ಣಾಮುಚ್ಚಾಲೆ ನಿಂದು?” ಮುದುಕಿ ಅವಳ ಮಣ್ಣು ಮೆತ್ತಿದ ಷೂ ನೋಡಿದಳು. “ಯಾವನು ಬಂದ್ರೂ ಒಂದೊಂದ್ ಕತೆ ಏಳ್ತಾನೆ. ಈ ಚಿಕ್ಕಮುನಿಯಮ್ಮನ್ನ ಏನಂದ್ಕೊಂಡಿದ್ದೀರಿ?”

ದೀಪಶ್ರೀ ಕಾರ್ಡನ್ನು ಮುಂದೆ ಹಿಡಿದಳು. “ನೋಡಿ, ಇದೊಂದು ಖಾಲಿ. ಹೋದ್ವರ್ಷ ಇದನ್ನ ಬಿಟ್ಟು ಹೋಗಿ ಬಾವುಟ ಇರ್ಲಿಲ್ಲ ಅಂದೆ. ಸುಳ್ಳಾಯ್ತು. ಈಗ ಮತ್ತೆ ಅದನ್ನೇ ಹೋಗಿ ಹೇಳ್ಳಾ?”

ಮುದುಕಿ ಖಾಲಿ ಚೌಕವನ್ನೇ ನೋಡಿದಳು.

“ನೆಟ್ಮ್ಯಾಕೆ ಕೀಳೋರ್ಯಾರು?”

“ನಾನೇ. ಓಟ ಮುಗಿದ ತಕ್ಷಣ ನಾನೇ ಬಂದು ಕೀಳ್ತೀನಿ.”

“ಎಲ್ರೂ ಅಂಗೇ ಏಳೋದು.” ಆದರೂ ಸರಳನ್ನು ಹೊರೆಯಿಂದ ಎಳೆದು ಕೊಟ್ಟಳು. “ಕೀಳೋಗಂಟ ನಾನಿಲ್ಲೇ ಇರ್ತೀನಿ. ಓಡು.”

ಅದೇ ತೂತಿಗೆ ಸರಳು ಇಳಿಯಿತು. ದೀಪಶ್ರೀ ಕ್ಲಿಪ್ಪು ಒತ್ತಿದಳು.

ಮುಕ್ತಾಯದ ಶಾಮಿಯಾನದಲ್ಲಿ ಹಳದಿ ಅಂಗಿಯವನು ಕೂಗಾಡುತ್ತಿದ್ದ. “ಇರ್ಲೇ ಇಲ್ಲ ಸಾರ್ ಅಲ್ಲಿ!”

ಏದುಸಿರು ಬಿಡುತ್ತ ದೀಪಶ್ರೀ ಸ್ಪರ್ಧೆ ನಡೆಸುವವರ ಮೇಜಿನ ಹತ್ತಿರ ಹೋದಳು. “ಅವ್ರು ಬಂದಾಗ ಇರ್ಲಿಲ್ಲ ಸಾರ್. ನಿಜ. ನಾನಲ್ಲೇ ಇದ್ದೆ.”

“ನಿಮ್ ಕಾರ್ಡಲ್ಲಿ ಇದೆಯಲ್ಲಮ್ಮ?”

“ಆಮೇಲೆ ಸಿಕ್ತು.”

ಹಿಂದೆ ಯಾರೋ ನಕ್ಕರು. “ಐದಾದ್ಮೇಲೆ...” ಎಂದು ಇನ್ಯಾರೋ ಶುರುಮಾಡಿದರು. ಪ್ರಸನ್ನ ಕಾರ್ಡು ತೆಗೆದುಕೊಂಡು ಬೆರಳಿಟ್ಟು ತೂತುಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಹತ್ತು. ಹನ್ನೊಂದು ತಂಡಗಳಲ್ಲಿ ಅವರದು ಎಂಟನೆಯದು.

“ಊಟ ಬಂದಿದೆ. ಎಲ್ಲಿಗೆ ಹೊರಟ್ರಿ?” ಪ್ರಸನ್ನ ಕೇಳಿದ.

“ಆರನೇದಕ್ಕೆ. ಬಾವುಟ ಕೀಳ್ಬೇಕು.”

“ಸಂಜೆ ಅವ್ರೇ ಕೀಳಿಸ್ತಾರಲ್ರೀ.”

ಅವಳು ಆಗಲೇ ತೋಪಿನ ಕಡೆ ತಿರುಗಿದ್ದಳು. ಬಿಸಿಲು ನೆತ್ತಿಗೆ ಬಂದಿತ್ತು. ಕಂಬ ದಾಟಿದ ಮೇಲೆ ಬೇಡವೆಂದರೂ ನಾಲಿಗೆ ಎಣಿಸುತ್ತಿತ್ತು.

ಮುದುಕಿ ಹಸುವನ್ನು ಬಾವುಟದ ಸರಳಿಗೇ ಕಟ್ಟಿದ್ದಳು. ಹಗ್ಗದುದ್ದಕ್ಕೆ ಅದು ಸುತ್ತ ಮೇದು, ಗೆರೆ ಎಳೆದಂತೆ ಕೂಳೆ ಬೋಳಾಗಿತ್ತು. ಚಿಕ್ಕಮುನಿಯಮ್ಮ ಕಲ್ಲಿನ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ದೀಪಶ್ರೀಯನ್ನು ಕಂಡು ಎದ್ದಳು. ಹಗ್ಗ ಬಿಚ್ಚಿದಳು.

ದೀಪಶ್ರೀ ಎರಡೂ ಕೈಯಿಂದ ಸರಳು ಕಿತ್ತಳು. ಮುದುಕಿ ಬರಿಗಾಲಿನಿಂದ ತೂತಿನ ಮೇಲೆ ಮಣ್ಣೆಳೆದು, ಹಿಮ್ಮಡಿಯಿಂದ ಎರಡು ಸಲ ಒತ್ತಿದಳು.